13ನೇ ಆಯ್ಕೆ, ತಪ್ಪಿದ ಜಾಗ: ಹಸಾನ್ ರೆಡ್ಡಿಕ್ ಪ್ರಕರಣ

2020ರ ಡಿಸೆಂಬರ್ 13ರಂದು ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ, ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯದಲ್ಲಿ, ಅರಿಜೋನಾ ಕಾರ್ಡಿನಲ್ಸ್ ತಂಡ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 26–7ರಿಂದ ಸೋಲಿಸಿತು. ಆ ಒಂದೇ ಪಂದ್ಯದಲ್ಲಿ ಹಸಾನ್ ರೆಡ್ಡಿಕ್ ಐದು ಸ್ಯಾಕ್ ಮಾಡಿದರು. ಅಂದರೆ ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಐದು ಸಲ ಅವನನ್ನು ನೆಲಕ್ಕೆ ಕೆಡವಿದರು. ಮೂರು ಸಲ ಚೆಂಡನ್ನೂ ಕೈಯಿಂದ ಉದುರಿಸಿದರು. ಕಾರ್ಡಿನಲ್ಸ್ ತಂಡದ ಪರವಾಗಿ ಒಂದು ಪಂದ್ಯದಲ್ಲಿ ಅಷ್ಟು ಸ್ಯಾಕ್ ಅದುವರೆಗೆ ಯಾರೂ ಮಾಡಿರಲಿಲ್ಲ.

ಅದಕ್ಕೆ ಏಳು ತಿಂಗಳ ಹಿಂದೆ, ಮೇ ತಿಂಗಳ ಆರಂಭದಲ್ಲಿ, ಇದೇ ತಂಡ ರೆಡ್ಡಿಕ್ ಅವರ ಐದನೇ ವರ್ಷದ ಒಪ್ಪಂದವನ್ನು ಬೇಡ ಎಂದಿತ್ತು. ಅದುವರೆಗಿನ ಮೂರು ಋತುಗಳಲ್ಲಿ ಅವರ ಸ್ಯಾಕ್‌ಗಳು ಒಟ್ಟು 7.5. ಮುಂದಿನ ನಾಲ್ಕು ಋತುಗಳಲ್ಲಿ, ಮೂರು ತಂಡಗಳ ಪರ, ಒಟ್ಟು 50.5. ನಡುವೆ ಬದಲಾದದ್ದು ಅವರು ನಿಲ್ಲುವ ಜಾಗ: ಸುಮಾರು ಐದು ಗಜ ಮುಂದಕ್ಕೆ, ಐದಾರು ಗಜ ಪಕ್ಕಕ್ಕೆ.

ಡ್ರಾಫ್ಟ್‌ಗೆ, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಗೆ, ಬರುವ ಆಟಗಾರರ ಬಗ್ಗೆ ಅಭಿಪ್ರಾಯ ಕಟ್ಟುವವರು ಈ ಪ್ರಕರಣವನ್ನು ಸಾಲು ಸಾಲಾಗಿ ಬಿಡಿಸಿ ನೋಡಬೇಕು ಎಂಬುದು ನಮ್ಮ ನಿಲುವು. ಆಯ್ಕೆ ತಪ್ಪಾಗಿರಲಿಲ್ಲ. ಆಟಗಾರನ ಪ್ರತಿಭೆಯನ್ನು ಅಳೆದವರೂ ತಪ್ಪಲಿಲ್ಲ. ಆ ಪ್ರತಿಭೆ ಯಾವ ಕೆಲಸದಲ್ಲಿ ಹೊರಬರುತ್ತದೆ ಎಂಬಲ್ಲಿ ಎಡವಿದರು.

ಡ್ರಾಫ್ಟ್‌ಗೆ ಮೊದಲು ಇದ್ದ ಮಾಹಿತಿ

ರೆಡ್ಡಿಕ್ ನ್ಯೂಜೆರ್ಸಿಯ ಕ್ಯಾಮ್ಡೆನ್‌ನವರು. ಡೆಲವೇರ್ ನದಿ ದಾಟಿದರೆ ಫಿಲಡೆಲ್ಫಿಯಾ. ಅಲ್ಲಿನ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಆಡಿದರು. ಪ್ರೌಢಶಾಲೆಯ ಕೊನೆಯ ಎರಡು ವರ್ಷ ಗಾಯಗಳಲ್ಲೇ ಕಳೆದಿದ್ದರಿಂದ ಕ್ರೀಡಾ ವಿದ್ಯಾರ್ಥಿವೇತನ ಸಿಗದೆ, ವಾಕ್-ಆನ್ ಆಗಿ ತಂಡಕ್ಕೆ ಸೇರಿದವರು. ಹಿಂದಿನ ಸಾಲಿನ ರಕ್ಷಕನಾಗಿ ಬಂದವರನ್ನು ಮುಖ್ಯ ಕೋಚ್ ಮ್ಯಾಟ್ ರೂಲ್ ಮತ್ತು ರಕ್ಷಣಾ ಕೋಚ್ ಫಿಲ್ ಸ್ನೋ ಅವರ ಕಾಲದಲ್ಲಿ ಸಾಲಿನ ಅಂಚಿಗೆ ತಂದು ಡಿಫೆನ್ಸಿವ್ ಎಂಡ್ ಮಾಡಲಾಯಿತು. 2016ರಲ್ಲಿ, ಕೊನೆಯ ವರ್ಷ, ಎದುರಾಳಿಯನ್ನು ಆಟ ಶುರುವಾದ ಗೆರೆಯ ಹಿಂದೆಯೇ ಹಿಡಿದ ಲೆಕ್ಕ 22.5. ಕಾಲೇಜು ಆಟದಲ್ಲಿ ಇದು ದೊಡ್ಡ ಸಂಖ್ಯೆ. ಟೆಂಪಲ್ ಆ ವರ್ಷ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್ ಗೆದ್ದಿತು.

ತೊಡಕಾದದ್ದು ಮೈಕಟ್ಟು. ಎತ್ತರ 6 ಅಡಿ 1 ಇಂಚು, ತೂಕ 237 ಪೌಂಡ್, ಅಂದರೆ ಸುಮಾರು 107 ಕಿಲೊ. ಎನ್‌ಎಫ್‌ಎಲ್‌ನಲ್ಲಿ ಅಂಚಿನಲ್ಲಿ ನಿಲ್ಲುವವರು ಸಾಮಾನ್ಯವಾಗಿ 6 ಅಡಿ 3 ಇಂಚಿನ ಮೇಲೆ, 250 ಪೌಂಡ್‌ಗೂ ಹೆಚ್ಚು. ಅವರೆದುರು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ, ‘ಟ್ಯಾಕಲ್’ ಎಂಬ ಸ್ಥಾನದ ಆಟಗಾರ 310–320 ಪೌಂಡ್‌ನ ಆಳು. ಆದರೆ ಡ್ರಾಫ್ಟ್‌ಗೆ ಮುನ್ನ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ದೈಹಿಕ ಪರೀಕ್ಷೆ ‘ಕಂಬೈನ್‌’ನಲ್ಲಿ ರೆಡ್ಡಿಕ್ 40 ಗಜವನ್ನು 4.52 ಸೆಕೆಂಡಿನಲ್ಲಿ ಓಡಿದರು, ನಿಂತಲ್ಲಿಂದ 36.5 ಇಂಚು ಎಗರಿದರು, ನಿಂತ ಜಾಗದಿಂದ 11 ಅಡಿ 1 ಇಂಚು ಮುಂದಕ್ಕೆ ನೆಗೆದರು. ಇಂತಹವರನ್ನು ಪರೀಕ್ಷಕರು ‘ಟ್ವೀನರ್’ ಎನ್ನುತ್ತಾರೆ: ಒಂದು ಜಾಗಕ್ಕೆ ಚಿಕ್ಕವನು, ಇನ್ನೊಂದು ಜಾಗದ ಅನುಭವ ಇಲ್ಲದವನು.

ಜನವರಿಯಲ್ಲಿ ಅಲಬಾಮಾದ ಮೊಬೈಲ್‌ನಲ್ಲಿ ನಡೆದ ಸೀನಿಯರ್ ಬೌಲ್ (ಕಾಲೇಜಿನ ಕೊನೆಯ ವರ್ಷದವರ ಪ್ರದರ್ಶನ ಪಂದ್ಯ) ಅಭ್ಯಾಸ ವಾರವೇ ಈ ಕಥೆಯ ತಿರುವು. ಅಲ್ಲಿ ಅವರನ್ನು ಒಳಗಿನ ಲೈನ್‌ಬ್ಯಾಕರ್ ಆಗಿ, ಅಂದರೆ ರಕ್ಷಣೆಯ ಮುಂದಿನ ಸಾಲಿನ ಹಿಂದೆ ನಡುಭಾಗದಲ್ಲಿ, ನಿಲ್ಲಿಸಿದರು. ಓಟಗಾರರ ಬೆನ್ನಟ್ಟಿ ಕವರ್ ಮಾಡುವ ಅಭ್ಯಾಸಗಳಲ್ಲಿ ಚೆನ್ನಾಗಿ ಕಂಡರು. ‘ಒಳಗೂ ಆಡಬಲ್ಲ’ ಎಂಬ ಮಾತು ಅಲ್ಲಿಂದ ಹರಡಿ, ಮೊದಲ ಸುತ್ತಿನ ಮಧ್ಯಕ್ಕೆ ಅವರ ಬೆಲೆ ಏರಿತು. ಆದರೆ ಅಂತಹ ಅಭ್ಯಾಸದಲ್ಲಿ ಒಬ್ಬ ಲೈನ್‌ಬ್ಯಾಕರ್ ಎದುರು ಒಬ್ಬ ಓಟಗಾರ ಇರುತ್ತಾನೆ, ಪಾಸ್ ಬರುತ್ತದೆಂದು ಇಬ್ಬರಿಗೂ ಗೊತ್ತಿರುತ್ತದೆ. ಅಲ್ಲಿ ಅಳೆಯುವುದು ಕಾಲಿನ ವೇಗ ಮತ್ತು ಸೊಂಟದ ತಿರುವನ್ನು. ಒಳಗಿನ ಲೈನ್‌ಬ್ಯಾಕರ್ ಕೆಲಸದ ಕಠಿಣ ಭಾಗ, ಅಂದರೆ ಓಟವೋ ಪಾಸೋ ಎಂದು ಅರ್ಧ ಸೆಕೆಂಡಿನಲ್ಲಿ ಓದುವುದು, ಆ ಅಭ್ಯಾಸದಲ್ಲಿ ಇರುವುದೇ ಇಲ್ಲ.

2017ರ ಡ್ರಾಫ್ಟ್ ನಡೆದದ್ದು ಫಿಲಡೆಲ್ಫಿಯಾದಲ್ಲೇ. ಏಪ್ರಿಲ್ 27ರಂದು ಅರಿಜೋನಾ 13ನೇ ಆಯ್ಕೆಯಾಗಿ ರೆಡ್ಡಿಕ್ ಅವರನ್ನು ತೆಗೆದುಕೊಂಡಿತು. 14ನೆಯದು ಫಿಲಡೆಲ್ಫಿಯಾ ಈಗಲ್ಸ್ ತಂಡದ್ದು. ಅವರಿಗೆ ಅಂಚಿನ ಆಟಗಾರ ಬೇಕಿತ್ತು. ಟೆನೆಸಿ ವಿಶ್ವವಿದ್ಯಾಲಯದ ಡೆರೆಕ್ ಬಾರ್ನೆಟ್ ಅವರನ್ನು ಆರಿಸಿಕೊಂಡರು. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಅರಿಜೋನಾ ಯಾಕೆ ಒಳಗೆ ನಿಲ್ಲಿಸಿತು

ಕಾರಣಗಳು ಗಟ್ಟಿಯಾಗಿಯೇ ಇದ್ದವು. ಬ್ರೂಸ್ ಏರಿಯನ್ಸ್ ಮುಖ್ಯ ಕೋಚ್, ಜೇಮ್ಸ್ ಬೆಚರ್ ರಕ್ಷಣಾ ಕೋಚ್, ವ್ಯವಸ್ಥೆ 3-4, ಅಂದರೆ ಮುಂದಿನ ಸಾಲಿನಲ್ಲಿ ಮೂವರು, ಜೊತೆಗೆ ನಾಲ್ವರು ಲೈನ್‌ಬ್ಯಾಕರ್‌ಗಳು. ಎರಡೂ ಅಂಚು ಭರ್ತಿ: ಒಂದು ಬದಿಗೆ 2016ರಲ್ಲಿ 12.5 ಸ್ಯಾಕ್ ಮಾಡಿದ್ದ ಮಾರ್ಕಸ್ ಗೋಲ್ಡನ್, ಇನ್ನೊಂದು ಬದಿಗೆ ಅದೇ ಮಾರ್ಚ್‌ನಲ್ಲಿ ದೊಡ್ಡ ಒಪ್ಪಂದ ಪಡೆದಿದ್ದ ಚಾಂಡ್ಲರ್ ಜೋನ್ಸ್. ಒಳಗಿನ ಲೈನ್‌ಬ್ಯಾಕರ್ ಕೆವಿನ್ ಮಿಂಟರ್ ತಂಡ ಬಿಟ್ಟಿದ್ದರು. ಅಂದರೆ ತೂತು ಇದ್ದದ್ದು ಒಳಗೆ.

ಜೊತೆಗೆ ಈ ತಂಡಕ್ಕೆ ಹಳೆಯ ಗೆಲುವಿನ ರುಚಿ ಇತ್ತು. 2014ರ ಮೊದಲ ಸುತ್ತಿನ 27ನೇ ಆಯ್ಕೆ ಡಿಯೋನ್ ಬುಕ್ಯಾನನ್ ಕಾಲೇಜಿನಲ್ಲಿ ಸೇಫ್ಟಿ. ಅವರನ್ನು ಅರಿಜೋನಾ ಒಳಗಿನ ಲೈನ್‌ಬ್ಯಾಕರ್ ಮಾಡಿತು, ಅದು ಫಲಿಸಿತು. ಹಗುರ ಮೈ, ವೇಗದ ಕಾಲು ಇರುವವನನ್ನು ಒಳಗೆ ಹಾಕಿದರೆ ಲಾಭ ಎಂಬ ನಂಬಿಕೆ ಅಲ್ಲಿಂದ ಬಲವಾಯಿತು. ಆದರೆ ಇಬ್ಬರೂ ಬಂದ ದಾರಿ ಬೇರೆ. ಸೇಫ್ಟಿ ಎಂದರೆ ಚಿಕ್ಕಂದಿನಿಂದ ಹಿಂದೆ ನಿಂತು ಆಟ ಓದಿದವನು. ಅವನನ್ನು ಮುಂದಕ್ಕೆ ತಂದರೆ ಓದುವ ಕೆಲಸ ಹಾಗೇ ಉಳಿದು, ದೂರ ಮಾತ್ರ ಕಡಿಮೆಯಾಗುತ್ತದೆ. ಅಂಚಿನ ಎಂಡ್ ಹಾಗಲ್ಲ. ಅವನನ್ನು ಹಿಂದಕ್ಕೆ ಸರಿಸಿದರೆ ಅದುವರೆಗೆ ಮಾಡದ ಓದನ್ನು ಹೊಸದಾಗಿ ಕಲಿಯಬೇಕು. ಮುಂದಕ್ಕೆ ತರುವುದೂ ಹಿಂದಕ್ಕೆ ತಳ್ಳುವುದೂ ಒಂದೇ ಬಗೆಯ ಬದಲಾವಣೆ ಎಂದು ತಂಡ ಎಣಿಸಿತು. ಈ ಪ್ರಕರಣದ ಮೂಲದೋಷ ಇದೇ ಎಂದು ನಾವು ತಿಳಿಯುತ್ತೇವೆ.

ಎರಡು ಕೆಲಸಗಳು

ಅಂಚಿನಲ್ಲಿ ನಿಂತವನ ಕೆಲಸ ನೋಡಿ. ಅವನು ಗೆರೆಯ ಮೇಲೇ, ಟ್ಯಾಕಲ್‌ನ ಹೊರಭುಜದ ಆಚೆ ನಿಲ್ಲುತ್ತಾನೆ. ಕಣ್ಣು ಚೆಂಡಿನ ಮೇಲೆ. ಪಾಸ್ ಬರುವ ಸನ್ನಿವೇಶದಲ್ಲಿ ಏನು ಮಾಡಬೇಕೆಂಬುದು ಚೆಂಡು ಅಲುಗುವ ಮುನ್ನವೇ ತೀರ್ಮಾನವಾಗಿರುತ್ತದೆ. ಚೆಂಡು ಕದಲಿದೊಡನೆ ಮೂರು ಹೆಜ್ಜೆ. ಕ್ವಾರ್ಟರ್‌ಬ್ಯಾಕ್ ಏಳು ಗಜ ಹಿಂದೆ ಸರಿದು ನಿಲ್ಲುತ್ತಾನೆ, ಸುಮಾರು ಎರಡೂವರೆ ಸೆಕೆಂಡಿನಲ್ಲಿ ಎಸೆಯುತ್ತಾನೆ. ಟ್ಯಾಕಲ್ ಓರೆಯಾಗಿ ಹಿಂದೆ ಜಾರುತ್ತಾ ದಾರಿ ಮುಚ್ಚಲು ನೋಡುತ್ತಾನೆ. ಮೂರನೇ ಹೆಜ್ಜೆಗೆ ರಶರ್‌ನ (ಹೀಗೆ ನುಗ್ಗುವವನ) ಸೊಂಟ ಟ್ಯಾಕಲ್‌ನ ಸೊಂಟಕ್ಕೆ ಸಮನಾದರೆ ಟ್ಯಾಕಲ್ ಸೋತಂತೆ; ಆಮೇಲೆ ಒಳಭುಜ ತಗ್ಗಿಸಿ, ಅವನ ಕೈ ಕೆಳಗೆ ನುಸುಳಿ, ಬಾಗಿ ತಿರುಗುವುದೊಂದೇ ಬಾಕಿ. ಇಲ್ಲಿ ಗಿಡ್ಡ ಮೈ ಶಾಪವಲ್ಲ. ಆರಡಿ ಐದಿಂಚಿನ ಟ್ಯಾಕಲ್ ತನ್ನ ಎದೆಮಟ್ಟದಲ್ಲಿ ಕೈ ಚಾಚಿದಾಗ, ಅದಕ್ಕಿಂತ ಕೆಳಗಿರುವ ಭುಜ ಅವನ ಹಿಡಿತಕ್ಕೆ ಸಿಗುವುದಿಲ್ಲ. ಹಾಗೆ ಕೈ ಕೂರಲು ಬಿಡದಿದ್ದರೆ ತೂಕದ ಅಂತರ ಲೆಕ್ಕಕ್ಕೆ ಬರುವುದೂ ಕಡಿಮೆ.

ಒಳಗಿನ ಲೈನ್‌ಬ್ಯಾಕರ್ ಗೆರೆಯಿಂದ ನಾಲ್ಕೈದು ಗಜ ಹಿಂದೆ ನಿಲ್ಲುತ್ತಾನೆ. ಅವನು ಚೆಂಡನ್ನು ನೋಡುವಂತಿಲ್ಲ. ಎದುರಾಳಿ ಸಾಲಿನಲ್ಲಿ ಟ್ಯಾಕಲ್‌ನ ಒಳಬದಿಗೆ ನಿಲ್ಲುವ ಗಾರ್ಡ್‌ನನ್ನು, ಅವನ ಮೂಲಕ ಹಿಂದಿರುವ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನನ್ನು ನೋಡಬೇಕು. ಗಾರ್ಡ್ ನೇರ ಮುಂದೆ ಬಂದರೆ ಒಂದು ಅರ್ಥ, ಪಕ್ಕಕ್ಕೆ ಹೆಜ್ಜೆ ಇಟ್ಟರೆ ಇನ್ನೊಂದು, ಎದ್ದು ಹಿಂದೆ ಸರಿದರೆ ಪಾಸ್, ಸಾಲು ಬಿಟ್ಟು ಇನ್ನೊಂದು ಬದಿಗೆ ಓಡಿದರೆ ಅವನ ಹಿಂದೆಯೇ ಹೋಗಬೇಕು. ಓಟವಾದರೆ ತನ್ನ ಪಾಲಿನ ಸಂದಿಗೆ ನುಗ್ಗಬೇಕು, ಪಾಸ್ ಆದರೆ ಹತ್ತು ಹನ್ನೆರಡು ಗಜ ಹಿಂದೆ ಹೋಗಿ ತನ್ನ ವಲಯ ಕಾಯಬೇಕು. ಹೋಗುತ್ತಾ, ಪಾಸ್ ಹಿಡಿಯುವವರಲ್ಲಿ ಹೊರಗಿನಿಂದ ಮೂರನೆಯವನು ಎಲ್ಲಿದ್ದಾನೆಂದು ಗಮನಿಸಬೇಕು. ಇಷ್ಟೂ ತೀರ್ಮಾನ ಚೆಂಡು ಕದಲಿದ ನಂತರ ಆಗುವಂಥದ್ದು.

ಕಬಡ್ಡಿ ಗೊತ್ತಿರುವವರಿಗೆ, ಕಾರ್ನರ್‌ನಲ್ಲಿ ಕಾಲು ಹಿಡಿಯುವವನನ್ನು ತಂದು ಕವರ್‌ನಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ನೆನಪಿಸಿದರೆ ಸಾಕು. ಧೈರ್ಯ, ಬಲ ಎಲ್ಲ ಅವೇ ಇರುತ್ತವೆ; ಕೈ ಹಾಕುವ ಕ್ಷಣ ಮಾತ್ರ ತಪ್ಪುತ್ತದೆ.

ಹೀಗೆ ಓದಲು ತಡವಾಗುವ ಲೈನ್‌ಬ್ಯಾಕರ್‌ನನ್ನು ಸಿಕ್ಕಿಸುವ ಅಸ್ತ್ರ ಪ್ಲೇ-ಆ್ಯಕ್ಷನ್. ಚೆಂಡನ್ನು ಓಟಗಾರನಿಗೆ ಕೊಟ್ಟಂತೆ ನಟಿಸಿ, ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದೆ ಬಂದೊಡನೆ ಅವನ ಬೆನ್ನ ಹಿಂದೆ ಟೈಟ್ ಎಂಡ್‌ಗೆ (ಎದುರಾಳಿಯನ್ನು ತಡೆಯುವ, ಪಾಸ್ ಹಿಡಿಯುವ ಎರಡೂ ಕೆಲಸದ ಆಟಗಾರನಿಗೆ) ಎಸೆಯುವುದು. ರೆಡ್ಡಿಕ್ ಆಯ್ಕೆಯಾದ 2017ರಲ್ಲೇ ಅರಿಜೋನಾದ ವಿಭಾಗಕ್ಕೆ ಇಬ್ಬರು ಹೊಸ ಮುಖ್ಯ ಕೋಚ್‌ಗಳು ಬಂದರು: ಲಾಸ್ ಏಂಜಲಿಸ್ ರ‍್ಯಾಮ್ಸ್‌ಗೆ ಶಾನ್ ಮೆಕ್‌ವೇ, ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ಗೆ ಕೈಲ್ ಶನಹಾನ್. ಇಬ್ಬರ ಆಟವೂ ನಿಂತಿರುವುದು ಹೊರವಲಯದ ಓಟ ಮತ್ತು ಅದರ ನಟನೆಯ ಮೇಲೆ. ಇಬ್ಬರನ್ನೂ ವರ್ಷಕ್ಕೆ ಎರಡೆರಡು ಸಲ ಎದುರಿಸಬೇಕು. ಕೆಲಸ ಹೊಸದಾಗಿ ಕಲಿಯುವ ಒಳಗಿನ ಲೈನ್‌ಬ್ಯಾಕರ್‌ಗೆ ಅಮೆರಿಕದಲ್ಲಿ ಇದಕ್ಕಿಂತ ಕಷ್ಟದ ಶಾಲೆ ಆಗ ಇರಲಿಲ್ಲ.

ಮೂರು ವರ್ಷ, ಮೂವರು ಗುರುಗಳು

2017ರಲ್ಲಿ ಒಳಗೆ ಶುರು ಮಾಡಿದರು. ನಾಲ್ಕನೇ ವಾರ ಗೋಲ್ಡನ್ ಮೊಣಕಾಲಿನ ಎಸಿಎಲ್ ಅಸ್ಥಿಬಂಧ ಹರಿದುಕೊಂಡರು, ರೆಡ್ಡಿಕ್ ಹೊರಗೆ ಸರಿದರು. ಆ ವರ್ಷ 2.5 ಸ್ಯಾಕ್. ಅರ್ಧ ಒಳಗೆ, ಅರ್ಧ ಹೊರಗೆ ಆಡಿದ್ದರಿಂದ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಋತು ಮುಗಿದ ಮೇಲೆ ಏರಿಯನ್ಸ್ ನಿವೃತ್ತರಾದರು.

2018ರಲ್ಲಿ ಸ್ಟೀವ್ ವಿಲ್ಕ್ಸ್ ಮುಖ್ಯ ಕೋಚ್, ಆಲ್ ಹಾಲ್ಕಂಬ್ ರಕ್ಷಣಾ ಕೋಚ್, ವ್ಯವಸ್ಥೆ 4-3ಕ್ಕೆ ಬದಲು. ರೆಡ್ಡಿಕ್ ಈಗ ‘ದುರ್ಬಲ ಬದಿ’ಯ, ಅಂದರೆ ಟೈಟ್ ಎಂಡ್ ಇಲ್ಲದ ಬದಿಯ, ಲೈನ್‌ಬ್ಯಾಕರ್. 80 ಟ್ಯಾಕಲ್ (ಇಲ್ಲಿ ಸ್ಥಾನದ ಹೆಸರಲ್ಲ, ಚೆಂಡು ಹಿಡಿದವನನ್ನು ಕೆಡವಿದ ಲೆಕ್ಕ), 4 ಸ್ಯಾಕ್. ಟ್ಯಾಕಲ್ ಸಂಖ್ಯೆ ನೋಡಿ ಹಾದಿಗೆ ಬಂದ ಎನ್ನುವಂತಿತ್ತು. ಆದರೆ ಲೈನ್‌ಬ್ಯಾಕರ್‌ಗೆ ಟ್ಯಾಕಲ್ ಸಂಖ್ಯೆ ದಾರಿ ತಪ್ಪಿಸುವ ಅಳತೆ. ಎಂಟು ಗಜ ಬಿಟ್ಟುಕೊಟ್ಟ ಮೇಲೆ ಹಿಡಿದದ್ದೂ ಟ್ಯಾಕಲ್ಲೇ. ತಂಡ 3–13ರಲ್ಲಿ ಮುಗಿಯಿತು, ವಿಲ್ಕ್ಸ್ ಒಂದೇ ವರ್ಷಕ್ಕೆ ಹೋದರು.

2019ರಲ್ಲಿ ಕ್ಲಿಫ್ ಕಿಂಗ್ಸ್‌ಬರಿ, ರಕ್ಷಣೆಗೆ ವ್ಯಾನ್ಸ್ ಜೋಸೆಫ್, ಮತ್ತೆ 3-4. ಮೊದಲ ಪಂದ್ಯದಲ್ಲೇ ಡೆಟ್ರಾಯ್ಟ್‌ನ ಹೊಸ ಟೈಟ್ ಎಂಡ್ ಟಿ.ಜೆ. ಹಾಕನ್ಸನ್ ಅರಿಜೋನಾ ಎದುರು 131 ಗಜ ಗಳಿಸಿದರು, ಪಂದ್ಯ 27–27ರಲ್ಲಿ ಸಮವಾಯಿತು. ಆ ಇಡೀ ವರ್ಷ ಟೈಟ್ ಎಂಡ್‌ಗಳೇ ಅರಿಜೋನಾದ ತಲೆನೋವು. ಅದರ ಹೊಣೆಯನ್ನೆಲ್ಲ ರೆಡ್ಡಿಕ್ ಮೇಲೆ ಹೊರಿಸುವುದು ನ್ಯಾಯವಲ್ಲ, ಸೇಫ್ಟಿಗಳ ಪಾಲೂ ಅದರಲ್ಲಿತ್ತು. ಆದರೂ ಮಧ್ಯದಲ್ಲಿ ಅವರ ಕಾಯಂ ಸ್ಥಾನ ಹೋಯಿತು. ವರ್ಷದ ಸ್ಯಾಕ್ ಒಂದು.

ಮೂರು ವರ್ಷದಲ್ಲಿ ಮೂವರು ರಕ್ಷಣಾ ಕೋಚ್‌ಗಳು, ಎರಡು ವ್ಯವಸ್ಥೆ, ಮೂರು ಬಗೆಯ ಕೆಲಸ. ಓದುವ ಕೆಲಸ ಅಭ್ಯಾಸದಿಂದ ಬರುತ್ತದೆ. ಪ್ರತಿ ವರ್ಷ ಓದಬೇಕಾದ ಗುರುತುಗಳೇ ಬದಲಾದರೆ ಅಭ್ಯಾಸ ಕೂರುವುದಿಲ್ಲ. ಇಲ್ಲಿ ಒಂದು ಪ್ರಾಮಾಣಿಕ ಪ್ರಶ್ನೆ ಏಳುತ್ತದೆ: ಒಬ್ಬನೇ ಕೋಚ್ ಕೈಯಲ್ಲಿ ನಾಲ್ಕು ವರ್ಷ ಇದ್ದಿದ್ದರೆ ಒಳಗೂ ಪಳಗುತ್ತಿದ್ದರೇ? ಸಾಧಾರಣ ಮಟ್ಟಕ್ಕೆ ಬರುತ್ತಿದ್ದರು ಎಂದು ನಮಗನಿಸುತ್ತದೆ. ಆದರೆ ಸಾಧಾರಣ ಒಳ ಲೈನ್‌ಬ್ಯಾಕರ್‌ಗಾಗಿ ಯಾರೂ 13ನೇ ಆಯ್ಕೆ ಖರ್ಚು ಮಾಡುವುದಿಲ್ಲ.

ಮೊದಲ ಸುತ್ತಿನ ಆಟಗಾರರ ಒಪ್ಪಂದ ನಾಲ್ಕು ವರ್ಷದ್ದು. ಐದನೇ ವರ್ಷವನ್ನು ತಂಡ ತನ್ನಿಷ್ಟದಂತೆ ಸೇರಿಸಿಕೊಳ್ಳಬಹುದು, ಆದರೆ ಮೂರನೇ ಋತು ಮುಗಿದ ಮೇಲಿನ ಮೇ ಆರಂಭದೊಳಗೆ ಹೇಳಬೇಕು. ರೆಡ್ಡಿಕ್ ಅವರ ಮಟ್ಟಿಗೆ ಆ ಬೆಲೆ ಸುಮಾರು 1 ಕೋಟಿ ಡಾಲರ್. ಒಳ ಲೈನ್‌ಬ್ಯಾಕರ್ ಆಗಿ ಮೂರು ವರ್ಷ ನೋಡಿದವರಿಗೆ ಅದು ದುಬಾರಿ ಎನಿಸಿದ್ದು ಸಹಜ. ಹೊರಗೆ ನಿಲ್ಲಿಸಿ ನೋಡಿದ್ದರೆ ಅಗ್ಗ ಎನಿಸುತ್ತಿತ್ತು. ಮೊದಲ ವರ್ಷದ ಒಂದಷ್ಟು ಪಂದ್ಯ ಬಿಟ್ಟರೆ ಗಡುವಿಗೆ ಮೊದಲು ಹಾಗೆ ನೋಡಿರಲಿಲ್ಲ.

ಜಾಗ ಬದಲಾದ ವರ್ಷ

2020ರಲ್ಲಿ ಅರಿಜೋನಾ ಒಳಗಿನ ಜಾಗಕ್ಕೆ ಡಿವಾಂಡ್ರೆ ಕ್ಯಾಂಪ್‌ಬೆಲ್ ಅವರನ್ನು ತಂದಿತು, 8ನೇ ಆಯ್ಕೆಯಲ್ಲಿ ಕ್ಲೆಮ್ಸನ್‌ನ ಐಸಾಯಾ ಸಿಮನ್ಸ್ ಅವರನ್ನು ತೆಗೆದುಕೊಂಡಿತು. ರೆಡ್ಡಿಕ್ ಅವರನ್ನು ಹೊರಗಿನ ಲೈನ್‌ಬ್ಯಾಕರ್‌ಗಳ ಗುಂಪಿಗೆ, ಬದಲಿ ಆಟಗಾರನಾಗಿ, ಸರಿಸಲಾಯಿತು. ಅಂದರೆ ಅದು ಬಡ್ತಿಯಲ್ಲ, ಒಳಗೆ ಜಾಗ ಇಲ್ಲದ್ದಕ್ಕೆ ಮಾಡಿದ ಏರ್ಪಾಡು. ಅಕ್ಟೋಬರ್ 11ರಂದು ಜೆಟ್ಸ್ ಎದುರಿನ ಪಂದ್ಯದಲ್ಲಿ ಚಾಂಡ್ಲರ್ ಜೋನ್ಸ್ ತೋಳಿನ ಸ್ನಾಯು ಹರಿದುಕೊಂಡು ಋತುವಿನಿಂದ ಹೊರಬಿದ್ದರು. ಅಲ್ಲಿಂದ ರೆಡ್ಡಿಕ್ ಕಾಯಂ. ಋತು ಮುಗಿದಾಗ 12.5 ಸ್ಯಾಕ್, ಆರು ಸಲ ಚೆಂಡು ಉದುರಿಸಿದ್ದು.

ಜೈಂಟ್ಸ್ ಎದುರಿನ ಐದು ಸ್ಯಾಕ್‌ಗಳನ್ನು ತೂಗಿ ನೋಡಬೇಕು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್ ತೊಡೆಸ್ನಾಯುವಿನ ನೋವಿನಿಂದ ಆಗಷ್ಟೇ ಮರಳಿದ್ದರು, ಓಡಿ ತಪ್ಪಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಆ ಒಂದು ದಿನದ ಮೇಲೆ ಬೆಲೆ ಕಟ್ಟುವುದು ತಪ್ಪು. ಮಾರುಕಟ್ಟೆಯೂ ಹಾಗೆ ಕಟ್ಟಲಿಲ್ಲ. 2021ರಲ್ಲಿ ಕೆರೊಲಿನಾ ಪ್ಯಾಂಥರ್ಸ್ ಕೊಟ್ಟದ್ದು ಒಂದೇ ವರ್ಷದ ಒಪ್ಪಂದ, ಮೂಲ ಮೊತ್ತ 60 ಲಕ್ಷ ಡಾಲರ್. ಅಲ್ಲಿ ಮುಖ್ಯ ಕೋಚ್ ಮ್ಯಾಟ್ ರೂಲ್, ರಕ್ಷಣಾ ಕೋಚ್ ಫಿಲ್ ಸ್ನೋ, ಅಂದರೆ ಟೆಂಪಲ್‌ನಲ್ಲಿ ಅವರನ್ನು ಅಂಚಿಗೆ ತಂದ ಅದೇ ಜೋಡಿ. ಯಾವ ಪ್ರಯೋಗವೂ ಇಲ್ಲದೆ ನೇರ ಅಂಚಿನಲ್ಲಿ ನಿಲ್ಲಿಸಿದರು. 11 ಸ್ಯಾಕ್.

2022ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮೂರು ವರ್ಷಕ್ಕೆ 4.5 ಕೋಟಿ ಡಾಲರ್ ಕೊಟ್ಟು ಕರೆಸಿಕೊಂಡಿತು. 2017ರಲ್ಲಿ ರೆಡ್ಡಿಕ್ ಅವರ ನಂತರದ ಆಯ್ಕೆಯಾಗಿ ಈಗಲ್ಸ್ ಸೇರಿದ್ದ ಬಾರ್ನೆಟ್ ಮೊದಲ ಪಂದ್ಯದಲ್ಲೇ ಎಸಿಎಲ್ ಹರಿದುಕೊಂಡರು. ರೆಡ್ಡಿಕ್ 16 ಸ್ಯಾಕ್ ಮಾಡಿದರು. ಲೀಗ್‌ನಲ್ಲಿ ಅವರಿಗಿಂತ ಹೆಚ್ಚು ಮಾಡಿದವರು 49ಅರ್ಸ್‌ನ ನಿಕ್ ಬೋಸಾ ಒಬ್ಬರೇ. ಈಗಲ್ಸ್ ಒಟ್ಟು 70 ಸ್ಯಾಕ್ ಮಾಡಿತು. ಜವಾನ್ ಹಾರ್‌ಗ್ರೇವ್, ಜಾಶ್ ಸ್ವೆಟ್, ಬ್ರ್ಯಾಂಡನ್ ಗ್ರಹಾಂ ಮೂವರೂ 11–11. ಇದನ್ನು ಹೇಳಲೇಬೇಕು: ಒಳಗೆ ಹಾರ್‌ಗ್ರೇವ್‌ನಂಥವರು ಒತ್ತುತ್ತಿದ್ದಾಗ ಕ್ವಾರ್ಟರ್‌ಬ್ಯಾಕ್ ಮುಂದೆ ಹೆಜ್ಜೆ ಇಟ್ಟು ತಪ್ಪಿಸಿಕೊಳ್ಳಲಾರ, ಅಂಚಿನಿಂದ ಬಾಗಿ ಬರುವವನ ಕೈಗೇ ಸಿಗುತ್ತಾನೆ. ವೇಗದ ರಶರ್‌ನ ಸಂಖ್ಯೆಯಲ್ಲಿ ಒಳಗಿನವರ ಪಾಲು ಯಾವಾಗಲೂ ಇರುತ್ತದೆ.

2023ರ ಜನವರಿ 29ರ, ಲೀಗ್‌ನ ಎರಡು ಪಾಲುಗಳಲ್ಲಿ ಒಂದಾದ ಎನ್‌ಎಫ್‌ಸಿಯ ಅಂತಿಮ ಪಂದ್ಯ ಇಡೀ ಪ್ರಕರಣವನ್ನು ಒಂದು ಆಟದಲ್ಲಿ ತೋರಿಸುತ್ತದೆ. ಎದುರಾಳಿ ಶನಹಾನ್ ಅವರ 49ಅರ್ಸ್. ಮೊದಲ ಕಾಲುಭಾಗದಲ್ಲಿ ಅವರದೇ ಪ್ಲೇ-ಆ್ಯಕ್ಷನ್. ಆ ವಿನ್ಯಾಸದಲ್ಲಿ ರೆಡ್ಡಿಕ್ ಅವರನ್ನು ತಡೆಯುವ ಕೆಲಸ ಬಿದ್ದದ್ದು ಟೈಟ್ ಎಂಡ್ ಟೈಲರ್ ಕ್ರಾಫ್ಟ್ ಮೇಲೆ. ಒಳಗಿನ ಲೈನ್‌ಬ್ಯಾಕರ್‌ನ ಕಣ್ಣು ಕಟ್ಟುವ ಆ ನಟನೆ ಅಂಚಿನಿಂದ ನುಗ್ಗುವವನಿಗೆ ನಷ್ಟವಲ್ಲ, ಲಾಭ. ನಟಿಸಲು ಕ್ವಾರ್ಟರ್‌ಬ್ಯಾಕ್‌ಗೆ ಹೆಚ್ಚು ಹೊತ್ತು ಬೇಕು. ರೆಡ್ಡಿಕ್ ಕ್ರಾಫ್ಟ್‌ರನ್ನು ದಾಟಿ ಬ್ರಾಕ್ ಪರ್ಡಿ ಎಸೆಯುತ್ತಿದ್ದ ತೋಳಿಗೇ ಹೊಡೆದರು. ಚೆಂಡು ಉದುರಿತು, ಪರ್ಡಿ ಅವರ ಮೊಣಕೈ ಅಸ್ಥಿಬಂಧ ಹರಿಯಿತು, ಈಗಲ್ಸ್ 31–7ರಿಂದ ಗೆದ್ದಿತು. ಮೂರು ವರ್ಷ ಅರಿಜೋನಾದಲ್ಲಿ ಯಾವ ಆಟದೆದುರು ತಡಬಡಾಯಿಸಿದ್ದರೋ ಅದೇ ಆಟವನ್ನು ಮುರಿದದ್ದು ಇದೇ ಮನುಷ್ಯ.

ಈ ಪಾತ್ರಕ್ಕೂ ಮಿತಿ ಇದೆ. ಎರಡು ವಾರದ ಬಳಿಕ ಅರಿಜೋನಾದ ಗ್ಲೆಂಡೇಲ್‌ನಲ್ಲಿ, ತಮ್ಮ ಮೊದಲ ತಂಡದ ಅಂಗಳದಲ್ಲೇ, ನಡೆದ ಲೀಗ್‌ನ ಅಂತಿಮ ಪಂದ್ಯ, 57ನೇ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ 38–35ರಿಂದ ಗೆದ್ದಿತು. ಈಗಲ್ಸ್‌ಗೆ ಒಂದೂ ಸ್ಯಾಕ್ ಸಿಗಲಿಲ್ಲ. ಹುಲ್ಲು ಜಾರುತ್ತಿತ್ತು, ಆಟಗಾರರು ಮಧ್ಯದಲ್ಲಿ ಶೂ ಬದಲಿಸಿದರು. ಪ್ಯಾಟ್ರಿಕ್ ಮಹೋಮ್ಸ್ ಬೇಗ ಎಸೆದರು. ಬಾಗುವಾಗ ಹೊರಪಾದದ ಅಂಚಿನ ಮೇಲೆ ಮೈಭಾರ ಹಾಕುವ ರಶರ್‌ಗೆ ನೆಲದ ಹಿಡಿತ ಹೋದರೆ ಅರ್ಧ ಶಕ್ತಿ ಹೋದಂತೆ. 270 ಪೌಂಡ್‌ನವನಾದರೆ ನೇರ ತಳ್ಳುವ ಇನ್ನೊಂದು ದಾರಿ ಉಳಿಯುತ್ತದೆ, 240ರವನಿಗೆ ಅದು ಕಿರಿದು. ಓಟದ ಆಟದಲ್ಲಿ ಟ್ಯಾಕಲ್ ಮತ್ತು ಟೈಟ್ ಎಂಡ್ ಇಬ್ಬರೂ ಒಟ್ಟಿಗೆ ಬಿದ್ದರೂ ಇದೇ ಕಷ್ಟ. ಆದ್ದರಿಂದ ಇಂಥವರನ್ನು ಟ್ಯಾಕಲ್‌ನಿಂದ ಇನ್ನಷ್ಟು ಅಗಲಕ್ಕೆ ನಿಲ್ಲಿಸಬೇಕು, ಟೈಟ್ ಎಂಡ್ ಇಲ್ಲದ ಬದಿ ಕೊಡಬೇಕು, ಗಜ ಕಡಿಮೆ ಉಳಿದ ಸನ್ನಿವೇಶಗಳಲ್ಲಿ ಭಾರದ ಆಟಗಾರನನ್ನು ಇಳಿಸಿ ಇವರಿಗೆ ವಿಶ್ರಾಂತಿ ಕೊಡಬೇಕು.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ

ಹಾಗಾದರೆ ಅಂಚಿನಿಂದ ಒಳಗೆ ತರುವುದೇ ತಪ್ಪೇ? ಅಲ್ಲ. ಅದನ್ನು ತೋರಿಸಿದ್ದೂ ಈಗಲ್ಸ್ ತಂಡವೇ. ಜ್ಯಾಕ್ ಬಾನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಂಚಿನ ಆಟಗಾರ, 2019ರಲ್ಲಿ 12.5 ಸ್ಯಾಕ್. ಮೈಕಟ್ಟು ಹೆಚ್ಚುಕಡಿಮೆ ರೆಡ್ಡಿಕ್ ಅವರದೇ: 6 ಅಡಿ 2 ಇಂಚು, 238 ಪೌಂಡ್. 2020ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ 74ನೇ ಆಯ್ಕೆಯಾಗಿ ತೆಗೆದುಕೊಂಡು ನಾಲ್ಕು ವರ್ಷ ಹೆಚ್ಚಾಗಿ ಸ್ಪೆಷಲ್ ಟೀಮ್ಸ್‌ನಲ್ಲಿ (ಚೆಂಡು ಒದೆಯುವ ಆಟಗಳಿಗೆ ಇಳಿಯುವ ಗುಂಪಿನಲ್ಲಿ) ಬಳಸಿತು. 2024ರಲ್ಲಿ ಈಗಲ್ಸ್ 35 ಲಕ್ಷ ಡಾಲರ್‌ಗೆ ಒಂದು ವರ್ಷಕ್ಕೆ ತಂದಿತು. ರಕ್ಷಣಾ ಕೋಚ್ ವಿಕ್ ಫ್ಯಾಂಜಿಯೊ ಅವರನ್ನು ಒಳಗೆ ನಿಲ್ಲಿಸಿದರು. 151 ಟ್ಯಾಕಲ್, ಐದು ಸಲ ಚೆಂಡು ಉದುರಿಸಿದ್ದು, ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡದಲ್ಲಿ ಸ್ಥಾನ, 59ನೇ ಸೂಪರ್ ಬೌಲ್‌ನಲ್ಲಿ ಮಹೋಮ್ಸ್ ಎಸೆದ ಚೆಂಡು ಹಿಡಿದದ್ದು. 2025ರ ಮಾರ್ಚ್‌ನಲ್ಲಿ ಮೂರು ವರ್ಷಕ್ಕೆ 5.1 ಕೋಟಿ ಡಾಲರ್.

ಒಂದೇ ಅಳತೆಯ ಇಬ್ಬರು, ವಿರುದ್ಧ ಫಲ. ಬಾನ್ ಪ್ರೌಢಶಾಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಎದುರಿನ ಆಟ ಹೇಗೆ ಬಿಚ್ಚಿಕೊಳ್ಳುತ್ತದೆಂದು ಹಿಂದಿನಿಂದ ನೋಡಿ ಬೆಳೆದವರು. ಕಾಲೇಜಿನಲ್ಲೂ ಅವರ ಸ್ಯಾಕ್‌ಗಳಲ್ಲಿ ಮೊದಲ ಹೆಜ್ಜೆಯ ಸಿಡಿತಕ್ಕಿಂತ ಟ್ಯಾಕಲ್‌ನ ತಪ್ಪನ್ನು ಕಾದು ಹಿಡಿಯುವ ಗುಣ ಹೆಚ್ಚು ಕಾಣುತ್ತಿತ್ತು. ಈಗಲ್ಸ್‌ನಲ್ಲಿ ಅವರ ಮುಂದೆ ಜೇಲನ್ ಕಾರ್ಟರ್, ಜಾರ್ಡನ್ ಡೇವಿಸ್ ಎಂಬ ಇಬ್ಬರು ದೈತ್ಯರು ಗಾರ್ಡ್‌ಗಳನ್ನು ಹಿಡಿದು ನಿಲ್ಲಿಸುತ್ತಿದ್ದರು, ಆದ್ದರಿಂದ ಓದಲು ಆ ಅರ್ಧ ಸೆಕೆಂಡ್ ಸಿಗುತ್ತಿತ್ತು. ಬಾನ್ ಒಳ್ಳೆಯವರಾಗುವುದು ಚೆಂಡು ಕದಲಿದ ನಂತರ. ರೆಡ್ಡಿಕ್ ಒಳ್ಳೆಯವರಾಗಿರುವುದು ಚೆಂಡು ಕದಲಿದ ಕ್ಷಣದಲ್ಲೇ. ಎತ್ತರ, ತೂಕ, 40 ಗಜದ ಓಟ ಯಾವುದರಲ್ಲೂ ಈ ವ್ಯತ್ಯಾಸ ಬರೆದಿರುವುದಿಲ್ಲ.

ಟ್ವೀನರ್ ಬಗ್ಗೆ ವರದಿ ಬರೆಯುವುದು ಹೇಗೆ

ಮೊದಲು ಕೊನೆಯ ಋತುವಿನ ಎಲ್ಲ ಪಂದ್ಯಗಳಲ್ಲಿ ಆಟಗಾರ ನಿಂತ ಜಾಗವನ್ನು ಎಣಿಸಬೇಕು: ಟ್ಯಾಕಲ್‌ನ ಹೊರಗೆ ಎಷ್ಟು, ಗೆರೆಯಿಂದ ಹಿಂದೆ ಎಷ್ಟು. ಹಿಂದೆ ನಿಂತದ್ದು ಐವತ್ತು ಸಲಕ್ಕಿಂತ ಕಡಿಮೆಯಾದರೆ ‘ಒಳಗೂ ಆಡಬಲ್ಲ’ ಎಂಬುದನ್ನು ಅಭಿಪ್ರಾಯವಾಗಿ ಬರೆಯಬಾರದು, ಊಹೆ ಎಂದೇ ಬರೆಯಬೇಕು. ನಂತರ ಸ್ಯಾಕ್‌ಗಳನ್ನು ಬಿಡಿಸಬೇಕು. ಟ್ಯಾಕಲ್‌ನನ್ನು ಒಬ್ಬನೇ ಎದುರಿಸಿ ಎರಡೂವರೆ ಸೆಕೆಂಡಿನೊಳಗೆ ಗೆದ್ದದ್ದು ಒಂದು ಬುಟ್ಟಿ. ಟೈಟ್ ಎಂಡ್ ಅಥವಾ ರನ್ನಿಂಗ್ ಬ್ಯಾಕ್‌ನನ್ನು ಸೋಲಿಸಿದ್ದು ಇನ್ನೊಂದು. ಯಾರೂ ತಡೆಯದೆ ಬಂದದ್ದು, ಕ್ವಾರ್ಟರ್‌ಬ್ಯಾಕ್ ನಾಲ್ಕು ಸೆಕೆಂಡ್ ಚೆಂಡು ಹಿಡಿದು ನಿಂತದ್ದು ಮೂರನೆಯದು. ಮೊದಲ ಬುಟ್ಟಿ ತುಂಬಿದ್ದರೆ ಮೈ ಚಿಕ್ಕದಾದರೂ ಅಂಚಿನಲ್ಲೇ ಬಿಡಬೇಕು, ಬೆಲೆ ಮಾತ್ರ ಒಂದು ಮೆಟ್ಟಿಲು ಇಳಿಸಬೇಕು.

ಒಳಗೆ ತರುವ ಯೋಚನೆ ಇದ್ದರೆ ಓಟದ ಆಟಗಳಲ್ಲಿ ಅವನ ಮೊದಲ ಎರಡು ಹೆಜ್ಜೆ ನೋಡಬೇಕು. ಪ್ಲೇ-ಆ್ಯಕ್ಷನ್ ಇಪ್ಪತ್ತು ಆಯ್ದು, ತಪ್ಪು ದಿಕ್ಕಿಗೆ ಎಷ್ಟು ಸಲ ಹೆಜ್ಜೆ ಇಟ್ಟ ಎಂದು ಗುರುತು ಹಾಕಿಕೊಂಡರೆ ಚಿತ್ರ ಸಿಗುತ್ತದೆ. ಸೀನಿಯರ್ ಬೌಲ್‌ನ ಒಬ್ಬರಿಗೊಬ್ಬರ ಅಭ್ಯಾಸಕ್ಕಿಂತ ಅಲ್ಲಿನ ತಂಡ-ತಂಡದ ಅಭ್ಯಾಸಕ್ಕೆ ಹೆಚ್ಚು ಮಣೆ ಹಾಕಬೇಕು.

ಆಮೇಲೆ ತಂಡದ ಕಡೆಯ ಲೆಕ್ಕ. ತಂಡದಲ್ಲಿ ತೂತು ಎಲ್ಲಿದೆ ಎಂಬುದನ್ನು ಆಟಗಾರನ ವರದಿಯಲ್ಲಿ ಬರೆಯಲೇಬಾರದು, ಅದಕ್ಕೆ ಬೇರೆ ಹಾಳೆ ಇರಲಿ. ಎರಡೂ ಒಂದೇ ಪುಟದಲ್ಲಿದ್ದರೆ ತೂತಿನ ಆಕಾರಕ್ಕೆ ಆಟಗಾರ ಕಾಣತೊಡಗುತ್ತಾನೆ. ರಕ್ಷಣಾ ಕೋಚ್ ಇನ್ನೆಷ್ಟು ವರ್ಷ ಇರುತ್ತಾರೆಂಬ ಅಂದಾಜೂ ಬೇಕು. ಹೊಸ ಕೆಲಸ ಕಲಿಸುವುದಾದರೆ ತಡೆಗಂಬವನ್ನು ಮೊದಲೇ ನೆಡಬೇಕು: ಎರಡನೇ ಋತು ಮುಗಿಯುವುದರೊಳಗೆ ಓದು ಕೂರದಿದ್ದರೆ ಮೂರನೇ ಋತುವಿನಲ್ಲಿ ಕನಿಷ್ಠ ನೂರು ಪಾಸ್ ಸನ್ನಿವೇಶಗಳಲ್ಲಿ ಹಳೆಯ ಜಾಗದಲ್ಲಿ ಆಡಿಸಿ ನೋಡಬೇಕು. ಐದನೇ ವರ್ಷದ ಗಡುವು ಆ ಋತುವಿನ ಬೆನ್ನಿಗೇ ಬರುತ್ತದೆ.

ಅರಿಜೋನಾದಲ್ಲಿ ಮುಂದೆ ನಡೆದದ್ದು

ರೆಡ್ಡಿಕ್ ಹೋದ 2021ರ ಡ್ರಾಫ್ಟ್‌ನಲ್ಲೇ ಅರಿಜೋನಾ 16ನೇ ಆಯ್ಕೆಯಾಗಿ ಟಲ್ಸಾ ವಿಶ್ವವಿದ್ಯಾಲಯದ ಜೇವನ್ ಕಾಲಿನ್ಸ್ ಅವರನ್ನು ತೆಗೆದುಕೊಂಡು ಒಳಗೆ ನಿಲ್ಲಿಸಿತು. 2023ರ ಫೆಬ್ರವರಿಯಲ್ಲಿ ಹೊಸ ಮುಖ್ಯ ಕೋಚ್ ಬಂದರು: ರೆಡ್ಡಿಕ್ 16 ಸ್ಯಾಕ್ ಮಾಡಿದ ವರ್ಷ ಈಗಲ್ಸ್‌ನ ರಕ್ಷಣಾ ಕೋಚ್ ಆಗಿದ್ದ ಜೊನಾಥನ್ ಗ್ಯಾನನ್. ಅವರು ಕಾಲಿನ್ಸ್ ಅವರನ್ನು ಅಂಚಿಗೆ, ಸಿಮನ್ಸ್ ಅವರನ್ನು ಹಿಂದಿನ ಸಾಲಿಗೆ ಸರಿಸಿದರು. ಸಿಮನ್ಸ್ ಆ ಆಗಸ್ಟ್‌ನಲ್ಲೇ ಏಳನೇ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ಜೈಂಟ್ಸ್ ಪಾಲಾದರು. ಕಾಲಿನ್ಸ್ ಅವರದು 6 ಅಡಿ 4 ಇಂಚು, 260 ಪೌಂಡ್, ಅಂಚಿಗೆ ಹೇಳಿ ಮಾಡಿಸಿದ ಮೈ. 2023ರಲ್ಲಿ ಅವರು ಮಾಡಿದ್ದು 3.5 ಸ್ಯಾಕ್, 2024ರಲ್ಲಿ 5. ರೆಡ್ಡಿಕ್ ಬಳಿ ಇಲ್ಲದ ಮೂರು ಇಂಚು ಅವರ ಬಳಿ ಇತ್ತು. ರೆಡ್ಡಿಕ್ ಅವರ ಮೊದಲ ಹೆಜ್ಜೆ ಇರಲಿಲ್ಲ.